ಕೈಯೂರದೆ ಏಳುವುದು

ಐವತ್ತು ದಾಟಿದವರನ್ನು ಪತ್ತೆಹಚ್ಚಲು ತಲೆಗೂದಲು ನೋಡಿ ಪ್ರಯೋಜನವಿಲ್ಲ. ಬಣ್ಣ ಬಳಿದು ಅದನ್ನು ಮರೆಮಾಚುವ ವಿದ್ಯೆ ನಮಗೆಲ್ಲ ಕರಗತವಾಗಿದೆ. ಅವರು ನೆಲದಿಂದ ಏಳುವುದನ್ನು ನೋಡಬೇಕು. ಏಳುವುದಕ್ಕೆ ಮುನ್ನ ಒಮ್ಮೆ ಸುತ್ತಲೂ ಕಣ್ಣಾಡಿಸುತ್ತಾರೆ: ಕಂಬವಿದೆಯೇ, ಗೋಡೆಯಿದೆಯೇ, ಏನೂ ಇಲ್ಲದಿದ್ದರೆ ಸಮೀಪದಲ್ಲಿ ಯಾರದಾದರೂ ಭುಜವಿದೆಯೇ? ಈ ನೋಟವನ್ನು ನಾನು ಇಷ್ಟು ಸವಿಸ್ತಾರವಾಗಿ ವರ್ಣಿಸಬಲ್ಲೆನಾದರೆ ಅದು ನನ್ನದೇ ನೋಟವಾಗಿತ್ತು ಎಂಬುದನ್ನು ನೀವು ಈಗಾಗಲೇ ಊಹಿಸಿರುತ್ತೀರಿ. ನನಗೀಗ ಐವತ್ತೆರಡು.

ಹೋದ ವರ್ಷದ ಎಳ್ಳ ಅಮಾವಾಸ್ಯೆಗೆ ನಮ್ಮ ಮನೆಯವರೆಲ್ಲ ನವಲಗುಂದದಿಂದ ತಿರ್ಲಾಪುರದ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಭೂತಾಯಿಗೆ ಎಡೆ ಹಿಡಿದು, ಬೆಳೆಯ ನಡುವೆ ಅನ್ನ, ಹೋಳಿಗೆಯ ತುಣುಕುಗಳನ್ನು ಎರಚಿ, ಆಮೇಲೆ ಎಲ್ಲರೂ ಎರೆಮಣ್ಣಿನ ಮೇಲೆಯೇ ಸಾಲಾಗಿ ಕುಳಿತು ಉಣ್ಣುವುದು ನಮ್ಮ ಪದ್ಧತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳಿಗೆ ಯಥೋಚಿತ ನ್ಯಾಯ ಒದಗಿಸಿ ಏಳಹೊರಟವಳು ಸುತ್ತ ನೋಡಿದೆ. ಬರೀ ಜೋಳದ ದಂಟು. ಹಿಡಿದರೆ ಬೇರುಸಮೇತ ಕೈಗೇ ಬರುವಂಥದ್ದು. ಒಮ್ಮೆ ಪ್ರಯತ್ನಿಸಿದೆ, ಮೊಣಕಾಲು ಲಟಕ್ಕೆಂದಿತು. ಮತ್ತೊಮ್ಮೆ ಪ್ರಯತ್ನಿಸಿದೆ, ಕುಳಿತಲ್ಲಿಯೇ ಉಳಿದೆ. ಕೊನೆಗೆ ಯಜಮಾನರು ಒಂದು ರಟ್ಟೆ, ಮೈದುನ ಬಸವರಾಜ ಇನ್ನೊಂದು ರಟ್ಟೆ ಹಿಡಿದು, ಕಾಳಿನ ಚೀಲ ಎತ್ತುವಂತೆ ನನ್ನನ್ನು ಎತ್ತಿ ನಿಲ್ಲಿಸಿದರು.

"ಚಿಂತಿ ಮಾಡಬ್ಯಾಡ್ರಿ ವೈನಿ, ಮುಂದಿನ ವರ್ಷ ಟ್ರ್ಯಾಕ್ಟರ್ ಹಚ್ಚಿ ಎಬ್ಬಸ್ತೀನಿ" ಎಂದ ಮೈದುನ.

ಹೊಲದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮುಂದಿನ ಅಮಾವಾಸ್ಯೆಗೆ ಇದೇ ಹೊಲದಲ್ಲಿ, ಇವರೆಲ್ಲರ ಕಣ್ಣೆದುರು ಕೈಯೂರದೆ ಎದ್ದು ತೋರಿಸುತ್ತೇನೆಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಶಪಥವೆಂದರೆ ಎದ್ದು ನಿಂತು ಮಾಡಬೇಕಾದದ್ದು. ನನ್ನನ್ನಂತೂ ಆಗ ಎತ್ತಿ ನಿಲ್ಲಿಸಿಯಾಗಿತ್ತಲ್ಲ.

ಇನ್ನು ತಪ್ಪೊಪ್ಪಿಗೆಯ ಭಾಗ. ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಎಲುಬನ್ನು ಎಲುಬಿಗೆ, ಸ್ನಾಯುವನ್ನು ಎಲುಬಿಗೆ ಕಟ್ಟಿಹಿಡಿಯುವ ಸಂಯೋಜಕ ಅಂಗಾಂಶವನ್ನೂ ಅದರೊಳಗಿನ ಕೊಲಾಜೆನ್ ಎಂಬ ನಾರನ್ನೂ ಇಪ್ಪತ್ತೈದು ವರ್ಷಗಳಿಂದ ಬಣ್ಣದ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬಿಡಿಸುತ್ತ ಬಂದವಳು. ಅಂಥವಳು ಮೊಬೈಲಿನಲ್ಲಿ ಕೊಲಾಜೆನ್ ಪುಡಿಯ ಜಾಹೀರಾತು ಕಂಡು, ಡಬ್ಬಿಯ ಮೇಲಿನ ಕಿತ್ತಳೆಹಣ್ಣಿಗೆ ಮರುಳಾಗಿ, ಗುಟ್ಟಾಗಿ ತರಿಸಿಕೊಂಡು, ಚಾಳೀಸು ಕನ್ನಡಕ ಹಾಕಿಕೊಳ್ಳಲು ಸೋಮಾರಿತನಪಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ, ದಿನಾಲು ಬೆಳಿಗ್ಗೆ ಲಿಂಗಪೂಜೆ ಮುಗಿದ ಕೂಡಲೇ ನೀರಿನಲ್ಲಿ ಕದಡಿ ಭಕ್ತಿಯಿಂದ ಕುಡಿಯತೊಡಗಿದೆ. ಪೂಜೆಯೂ ಆಗ ಕುರ್ಚಿಯ ಮೇಲೆಯೇ ನಡೆಯುತ್ತಿತ್ತು.

ಜೊತೆಗೆ ಬೆಳಗಿನ ಯೋಗದ ತರಗತಿಗೂ ಸೇರಿದೆ. ಅಲ್ಲಿ ಎಲ್ಲರದೂ ರಬ್ಬರಿನ ಹಾಸು, ನನ್ನದೊಂದೇ ಜಮಖಾನೆ. ಜಮಖಾನೆಗೇ ಹೆಸರಾದ ನವಲಗುಂದದಲ್ಲಿ ಹುಟ್ಟಿ ರಬ್ಬರಿನ ಮೇಲೆ ಕುಳಿತರೆ ಊರಿನ ಮಾನವೇನಾಗಬೇಕು? ವೀರಭದ್ರಾಸನದಲ್ಲಿ ನನ್ನಲ್ಲಿ ವೀರವೂ ಇರಲಿಲ್ಲ, ಭದ್ರವೂ ಇರಲಿಲ್ಲ. ಆದರೆ ಕಾಲಡಿಯ ಜಮಖಾನೆಯ ನವಿಲು ಮಾತ್ರ ಎಲ್ಲರಿಗಿಂತ ಚೆಂದವಿತ್ತು.

ಆ ನವಿಲನ್ನು ನೇಯ್ದವಳು ನಮ್ಮ ಹಿಂದಿನ ಓಣಿಯ ಹುಸೇನಬಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಹುಡುಗಿಯಾಗಿದ್ದಾಗಿನಿಂದ ನಿಲುವು ಮಗ್ಗದ ಮುಂದೆ ಕುಳಿತವಳು. ಅವಳೆದುರು ಒಂದು ಸಂಜೆ ನನ್ನ ಪುಡಿಯ ಮಹಿಮೆಯನ್ನು ಕೊಂಡಾಡಿ ಬಂದಿದ್ದೆ. ಎರಡು ದಿನ ಬಿಟ್ಟು ಮತ್ತೆ ಹೋದಾಗ ಅವಳು ನೂಲು ಬಡಿಯುವ ಕಬ್ಬಿಣದ ಪಂಜಾ ಕೆಳಗಿಟ್ಟಳು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಮ್ಮ ಅಳಿಯಾ ಔಷಧದ ಅಂಗಡ್ಯಾಗ ಅದಾನಲ್ರಿ, ಅವನ್ನ ಕೇಳಿದೆ. ಅದನ್ನ ತೊಗಲು, ಎಲುಬು ಕುದಿಸಿ ತಗೀತಾರಂತ. ಹೇಳ್ಲೋ ಬ್ಯಾಡೋ ಅಂತ ಹೊಟ್ಟ್ಯಾಗ ಇಟಗೊಂಡು ಕುಂತಿದ್ದೆ. ನಿಮ್ಮನಿ ಊಟ ಎಂಥಾದ್ದಂತ ನನಗ ಗೊತ್ತಿಲ್ಲೇನ್ರಿ?"

ಮನೆಗೆ ಓಡಿ ಚಾಳೀಸು ಏರಿಸಿ ನೋಡಿದರೆ ಮಾಂಸಾಹಾರದ ಕಂದು ಗುರುತು ಡಬ್ಬಿಯ ಮೂಲೆಯಿಂದ ನನ್ನನ್ನೇ ನೋಡುತ್ತಿತ್ತು. ಕೊಲಾಜೆನ್ ಪ್ರಾಣಿದೇಹದಲ್ಲಲ್ಲದೆ ಗಿಡಗಳಲ್ಲಿ ಇರುವುದಿಲ್ಲವೆಂದು ಎಷ್ಟು ತಂಡದ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆನೋ! ಪಾಪವನ್ನಾದರೂ ಶಿವ ಕ್ಷಮಿಸಿಯಾನು, ಈ ದಡ್ಡತನವನ್ನು ಶಾಲೆಯಲ್ಲಿ ಯಾರೂ ಕ್ಷಮಿಸಲಾರರು ಎಂದುಕೊಂಡು, ಉಳಿದದ್ದನ್ನು ನೀನೇ ತೆಗೆದುಕೋ ಎಂದು ಹುಸೇನಬಿಗೆ ಕೊಡಹೋದೆ.

"ನಮಗೂ ಬ್ಯಾಡ್ರೀ. ಯಾವುದನ್ನ ಯಾರು ಹೆಂಗ ಕೊಯ್ದಾರೋ ಯಾರಿಗ್ಗೊತ್ತು?" ಎಂದು ಕೈ ಹಿಂದಕ್ಕೆಳೆದುಕೊಂಡಳು.

ಹೀಗೆ ಎರಡೂ ಮನೆಗೆ ಸಲ್ಲದ ಪುಡಿ ನಮ್ಮ ಹಿತ್ತಿಲ ಕರಿಬೇವಿನ ಬುಡ ಸೇರಿತು. ಗಿಡ ಈಗ ಸೊಂಪಾಗಿದೆ, ಮೊಣಕಾಲು ನೋವೆಂದು ಒಮ್ಮೆಯೂ ಅಂದಿಲ್ಲ.

ಮೂವತ್ತು ವರ್ಷಗಳ ಒಡನಾಟದಲ್ಲಿ ಏನೇನು ಹಾಕಿದೆಯೆಂದು ಹೇಳದೆ ಒಂದು ಲೋಟ ಶರಬತ್ತನ್ನೂ ಅವಳು ನನ್ನ ಕೈಗಿತ್ತವಳಲ್ಲ. ಮನುಷ್ಯರ ನಡುವಿನ ಸಂಯೋಜಕ ಅಂಗಾಂಶ ಎಂಬುದೊಂದಿದ್ದರೆ ಅದು ಇಂಥದ್ದೇ ಇರಬೇಕು. ಪಠ್ಯಪುಸ್ತಕದಲ್ಲಿ ಅದರ ಚಿತ್ರವಿಲ್ಲ.

ಪುಡಿ ಕೊಡಹೋದ ಆ ದಿನ ಹುಸೇನಬಿಯ ಮನೆಯಲ್ಲಿಯೇ ಕುಳಿತು ಅವಳು ನೇಯುವುದನ್ನು ಮೊದಲ ಬಾರಿಗೆ ವಿಜ್ಞಾನ ಶಿಕ್ಷಕಿಯ ಕಣ್ಣಿನಿಂದ ನೋಡಿದೆ. ಒಂದು ಗೇಣು ನೇಯ್ದೊಡನೆ ಎದ್ದಳು, ಎದುರಿನ ಗೋಡೆಯ ತನಕ ಹಿಂದೆ ಸರಿದಳು, ನಿಂತು ನೋಡಿದಳು, ಬಂದು ಕುಳಿತಳು. ಮತ್ತೆ ಎದ್ದಳು. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಅವಳ ಕೈ ನೆಲ ಮುಟ್ಟಲಿಲ್ಲ. ಯಾಕೆ ಹೀಗೆ ಎಂದು ಕೇಳಿದೆ.

"ನಕ್ಷಿ ದೂರ ನಿಂತು ನೋಡಬೇಕ್ರಿ. ಕುಂತಲ್ಲೇ ಕುಂತ್ರ ನವಿಲಿನ ಕುತ್ತಿಗಿ ಸೊಟ್ಟ ಆದದ್ದು ತಿಳಿಯೂದಿಲ್ಲ."

ಅವಳಿಗೆ ನವಿಲಿನ ಕುತ್ತಿಗೆಯ ಚಿಂತೆ. ತನ್ನ ಮೊಣಕಾಲಿನ ಚಿಂತೆಯನ್ನು ಅವಳು ಮಾಡಿದವಳೇ ಅಲ್ಲ. ದಿನವೂ ಹದವಾಗಿ ಎಳೆದು ಬಳಸಿದರೆ ಕೊಲಾಜೆನ್ ನಾರುಗಳು ನಿಧಾನವಾಗಿ ಗಟ್ಟಿಗೊಳ್ಳುತ್ತವೆ, ಬೇಳೆ, ನೆಲ್ಲಿಕಾಯಿ ತಿಂದರೆ ದೇಹ ತನಗೆ ಬೇಕಾದದ್ದನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಪಾಠ ಹೇಳುತ್ತಿದ್ದ ನಾನಾದರೋ ತರಗತಿಯಲ್ಲಿ ಕುರ್ಚಿ, ಬಸ್ಸಿನಲ್ಲಿ ಸೀಟು, ದೇವರ ಮುಂದೆಯೂ ಕುರ್ಚಿ ಎಂದು ಬದುಕಿದ್ದೆ.

ಅಂದಿನಿಂದ ಪೂಜೆ ಜಮಖಾನೆಯ ಮೇಲೆ ನಡೆಯಿತು. ಉತ್ತರಪತ್ರಿಕೆ ತಿದ್ದುವುದೂ ಅಲ್ಲಿಯೇ. ಐದು ಪತ್ರಿಕೆಗೊಮ್ಮೆ ಎದ್ದು ಗೋಡೆಯ ತನಕ ಹೋಗಿ ನಿಲ್ಲುತ್ತಿದ್ದೆ. ಏನು ನೋಡುತ್ತೀ ಎಂದು ಯಜಮಾನರು ಕೇಳಿದರೆ, ನಕ್ಷೆ ಎನ್ನುತ್ತಿದ್ದೆ. ಅವರು ಹೆಚ್ಚು ಕೆದಕಲಿಲ್ಲ. ಯೋಗದ ತರಗತಿಯನ್ನೂ ನಾನು ತಪ್ಪಿಸಲಿಲ್ಲ. ಏಳಲು ಮೊದಲು ಎರಡು ಕೈ ಬೇಕಾಗುತ್ತಿದ್ದವು, ಮಳೆಗಾಲಕ್ಕೆ ಒಂದು ಕೈ, ದಸರೆಯ ಹೊತ್ತಿಗೆ ಒಂದೇ ಬೆರಳು. ಆ ಬೆರಳನ್ನು ಬಿಡಲು ಇನ್ನೂ ಎರಡು ತಿಂಗಳು ಹಿಡಿಯಿತು.

ಈ ವರ್ಷದ ಅಮಾವಾಸ್ಯೆಗೆ ಹುಸೇನಬಿಯನ್ನೂ ಹೊಲಕ್ಕೆ ಕರೆದೊಯ್ದೆವು. ಚರಗ ಚೆಲ್ಲಿಯಾಯಿತು, ಊಟವಾಯಿತು. ಸುತ್ತ ನೋಡದೆ ಪಾದ ಒಳಗೆಳೆದುಕೊಂಡೆ, ಮುಂದಕ್ಕೆ ಬಾಗಿದೆ, ಎದ್ದೆ. ಲಟಕ್ಕೆನ್ನಲಿಲ್ಲ, ಕೈಗೆ ಮಣ್ಣು ಹತ್ತಲಿಲ್ಲ. ಜೋಳದ ತೆನೆಗಳಾಚೆ ಕಪ್ಪು ಹೊಲ ದಿಗಂತದ ತನಕ ಕಾಣುತ್ತಿತ್ತು. ಬಿ.ಎಡ್. ಪಾಸಾದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅಭಿನಂದನೆ ಸ್ವೀಕರಿಸಲೆಂದು ತಿರುಗಿದೆ. ಯಜಮಾನರು ಬೆನ್ನು ಮಾಡಿ ಕೈ ತೊಳೆಯುತ್ತಿದ್ದರು. ಬಸವರಾಜ ಮೊಬೈಲಿನಲ್ಲಿ ಮುಳುಗಿದ್ದ. ಉಳಿದವರೆಲ್ಲ ಕೊನೆಯ ಹೋಳಿಗೆಯ ಸುತ್ತ ಇದ್ದರು. ಒಂದು ವರ್ಷದ ತಪಸ್ಸನ್ನು ಯಾರೂ ನೋಡಿರಲಿಲ್ಲ.

"ಅಕ್ಕೋರ" ಎಂದು ಪಕ್ಕದಿಂದ ಮೆಲ್ಲಗೆ ಕರೆದಳು ಹುಸೇನಬಿ, "ಅಗದಿ ಚೊಲೋ ಎದ್ರಿ, ನಾ ನೋಡೀನಿ. ಅವರು ನೋಡಿಲ್ಲ. ಇನ್ನೊಮ್ಮಿ ಕುಂಡ್ರಿ." ಆಮೇಲೆ ಹೊಲಕ್ಕೆಲ್ಲ ಕೇಳುವಂತೆ ಕೂಗಿದಳು: "ಏ ಬಸಣ್ಣಾ, ಟ್ರ್ಯಾಕ್ಟರ್ ಹಚ್ತೀನಿ ಅಂದಿದ್ಯಂತಲ್ಲೋ, ಈ ಕಡಿ ನೋಡಪಾ!"

ನಾನು ಕುಳಿತೆ. ಎಲ್ಲರೂ ತಿರುಗಿದ ಮೇಲೆ, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಎರಡನೆಯ ಸಲ ಎದ್ದೆ.

ನೆಲದಿಂದ ಏಳುವ ಮುನ್ನ ನಾನು ಈಗಲೂ ಸುತ್ತ ನೋಡುತ್ತೇನೆ. ಹಿಡಿದುಕೊಳ್ಳಲು ಏನಿದೆಯೆಂದು ಅಲ್ಲ, ಯಾರು ನೋಡುತ್ತಿದ್ದಾರೆಂದು. ಯಾರೂ ಇಲ್ಲದಿದ್ದರೆ ಯಾರಾದರೂ ಬರುವ ತನಕ ಕುಳಿತಿರುತ್ತೇನೆ.