ಇಸ್ತ್ರಿ ಅಕ್ಕ ಹಾಕದ ಸಹಿ

ಬಟ್ಟೆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ನಿಂತೇ ಇಸ್ತ್ರಿ ಹಾಕಿದ ಆ ಹೆಂಗಸನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಅವಳ ವಿಭಾಗದಲ್ಲಿ ಯಾರೂ ಕೂರುವಂತಿರಲಿಲ್ಲ. ಕೂತರೆ ಮೈಗಳ್ಳತನ ಬೆಳೆಯುತ್ತದೆ ಎಂದು ಮೇಲ್ವಿಚಾರಕ ದಿನಾ ಬೆಳಿಗ್ಗೆ ಹೇಳುತ್ತಿದ್ದ. ಕೇಳಿ ಕೇಳಿ ಅದು ಅಕ್ಕನ ಸ್ವಂತ ಮಾತೇ ಆಗಿಬಿಟ್ಟಿತ್ತು. ಮನೆಯಲ್ಲೂ ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದಳು. ಗಂಡ ಒಂದು ಗಳಿಗೆ ಗೋಡೆಗೊರಗಿ ಕೂತರೆ ಮುಖ ಗಂಟಿಕ್ಕುತ್ತಿದ್ದಳು. ತನ್ನ ಮಂಡಿ ನೋವನ್ನು ನೋವು ಎನ್ನಲೂ ಅವಳಿಗೆ ನಾಚಿಕೆ.

ಹೀಗಿರುವಾಗ, ಅದೇ ವಿಭಾಗದಲ್ಲಿ ಅಂಗಿಗಳ ದಾರದ ತುದಿ ಕತ್ತರಿಸುವ ಏಳು ತಿಂಗಳ ಬಸುರಿಯೊಬ್ಬಳು ಖಾಲಿ ಡಬ್ಬ ಬೋರಲು ಹಾಕಿ ಕೂತುಬಿಟ್ಟಳು. ಮರುದಿನವೂ ಕೂತಳು. ಮೇಲ್ವಿಚಾರಕ ಒಂದು ಕಾಗದ ಬರೆದು ಅಕ್ಕನನ್ನು ಕರೆಸಿದ. ಬಸುರಿ ಕೂತಿದ್ದರಿಂದ ಕೆಲಸ ಕೆಟ್ಟಿದೆ ಎಂದು ಅದರಲ್ಲಿತ್ತು. ಹಳಬಳಾದ ಅಕ್ಕನ ಸಹಿ ಬಿದ್ದರೆ ಬಸುರಿಯ ಕೆಲಸ ಹೋದಂತೆಯೇ. ನಾಳೆ ಹಾಕುತ್ತೇನೆ ಎಂದು ಹೇಳಿ ಅಕ್ಕ ಬಂದಳು. ಹಾಕುವುದೇ ನ್ಯಾಯ ಎಂದೂ ಅವಳಿಗೆ ಅನ್ನಿಸಿತ್ತು.

ಸಂಜೆ ಅತ್ತೆಗೆ ವಿಷಯ ಹೇಳಿದಳು. ಅತ್ತೆ ಸೊಪ್ಪು ಬಿಡಿಸುತ್ತಲೇ ಕೇಳಿದಳು:

"ಅಲ್ಲ ಕಣೇ, ನಮ್ ಪುಟ್ಟಿ ಹೊಟ್ಟೇಲಿದ್ದಾಗ ನೀನು ಕೂರ್ತಿರ್ಲಿಲ್ವಾ?"

"ಆಗಿನ್ನೂ ನಾನು ಕಾರ್ಖಾನೆ ಸೇರಿರ್ಲಿಲ್ಲ ಅತ್ತೆ."

"ಹಾಗಾದ್ರೆ ಆಗ ನೀನು ಮೈಗಳ್ಳಿ ಆಗಿದ್ದೆ ಅನ್ನು."

ಕೂತರೆ ಕೆಲಸ ನಿಜಕ್ಕೂ ಕೆಡುತ್ತದೆಯೇ ಎಂದು ತಾನೇ ನೋಡಬೇಕು ಎಂದುಕೊಂಡಳು ಅಕ್ಕ.

ಮರುದಿನ ಬೇಗ ಹೋದವಳೇ ಬಸುರಿ ಮುಗಿಸಿಟ್ಟಿದ್ದ ಅಂಗಿಗಳ ಕಟ್ಟು ಬಿಚ್ಚಿದಳು. ಒಂದೊಂದನ್ನೂ ಒಳಮಗ್ಗುಲು ತಿರುಗಿಸಿ ದೀಪದ ಕೆಳಗೆ ಹಿಡಿದಳು. ತೋಳಿನ ಸಂದು, ಕಾಲರ್, ಗುಂಡಿಯ ಹಿಂಬದಿ, ಎಲ್ಲೂ ಒಂದೆಳೆ ದಾರ ಉಳಿದಿರಲಿಲ್ಲ. ಕೂತು ಮಾಡಿದ ಕೆಲಸ ಹೇಗಿರುತ್ತದೆ ಎಂದು ಅವಳು ಅಷ್ಟು ವರ್ಷಗಳಲ್ಲಿ ತನ್ನ ಕಣ್ಣಿನಿಂದ ನೋಡಿದ್ದು ಅದೇ ಮೊದಲು.

ಒಂದು ಅಂಗಿ ತೆಗೆದುಕೊಂಡು ಮೇಲ್ವಿಚಾರಕನ ಕೋಣೆಗೆ ಹೋದಳು.

"ಕೂತಿದ್ದು ನಿಜ ಸಾರ್. ಕೆಲಸ ಕೆಟ್ಟಿಲ್ಲ, ನಾನೇ ನೋಡ್ದೆ. ಸಹಿ ಹಾಕಲ್ಲ."

ಯಾರು ನಿನ್ನ ತಲೆ ಕೆಡಿಸಿದ್ದು ಎಂದು ಅವನು ರೇಗಿದ. ಅಕ್ಕ ಅಂಗಿಯನ್ನು ಅವನ ಮುಂದೆ ಹರಡಿದಳು. ಅವನು ಅದನ್ನು ತಿರುವಿ ಮುರುವಿ ನೋಡಿದ. ಏನೂ ಸಿಗಲಿಲ್ಲ. ಕಾಗದವನ್ನು ಹರಿದು ಬುಟ್ಟಿಗೆ ಹಾಕಿ, ಹೋಗು, ಕೆಲಸ ನೋಡು ಎಂದ.

ಹೊರಗೆ, ಕಾಗದದ ಸುದ್ದಿ ತಿಳಿದ ಬಸುರಿ ಬಾಗಿಲ ಚೌಕಟ್ಟು ಹಿಡಿದು ಕಾಯುತ್ತಿದ್ದಳು.

"ಏನಾಯ್ತಕ್ಕಾ?"

"ಏನೂ ಆಗಿಲ್ಲ, ನಿನ್ ಕೆಲಸ ಎಲ್ಲೂ ಹೋಗಲ್ಲ. ಮೊದ್ಲು ಕೂತ್ಕೋ ಬಾ."

ತನ್ನ ಬಾಯಿಂದ ಬಂದ ಮಾತಿಗೆ ಅಕ್ಕನಿಗೇ ನಗು ಬಂತು. ನಕ್ಕ ಮೇಲೆ ಮೈಯೆಲ್ಲ ಹಗುರಾಯಿತು.