ಬೆರಳು ಹಿಡಿಸುವಷ್ಟು ದುಂಡನೆ ತೂತು

ಹೋದ ವಾರ ಒಂದು ತೂತು ಕೆಡಿಸಿದೆ. ಅದು ದೊಡ್ಡ ತಪ್ಪಲ್ಲ. ಕೆಡಿಸಿದ್ದು ನಾನು ಅಂತ ಹೇಳಲಿಲ್ಲ. ಅದು ದೊಡ್ಡದು.

ಶ್ರೀರಾಂಪುರದ ಹೊಸ ಮನೆಯೊಂದರಲ್ಲಿ ಅಡುಗೆಮನೆ ಕಪಾಟಿನ ಕೆಲಸ. ನಾನು, ಜೊತೆಗೆ ತಂಗಿ ಗಿರಿಜಾ. (ಇಬ್ಬರೂ ಏಳನೇ ಕ್ಲಾಸ್ ದಾಟಿದವರಲ್ಲ. ಈ ಅಂಕಣದಲ್ಲಿ ಕಾಗುಣಿತ ಸರಿಯಿದ್ದರೆ ಅದು ಪತ್ರಿಕೆಯವರ ಪುಣ್ಯ.) ಮೊದಲು ಅವಳು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಈಗ ನನ್ನ ಜೊತೆ ಅಳತೆ ಹಿಡಿಯುತ್ತಾಳೆ, ಗುರುತು ಹಾಕುತ್ತಾಳೆ, ಅಂಚಿಗೆ ಪಟ್ಟಿ ಅಂಟಿಸುತ್ತಾಳೆ. ಡ್ರಿಲ್ ಮಾತ್ರ ನನ್ನದು. ಯಾಕೆ? ನಮ್ಮಲ್ಲಿ ಸದ್ದು ಮಾಡುವ ಸಾಮಾನೆಲ್ಲ ಗಂಡಸರ ಪಾಲು. (ಮಿಕ್ಸಿ ಬಿಟ್ಟು.)

ಮನೆಯೊಡತಿಗೆ ಕಪಾಟಿನ ಬಾಗಿಲಿಗೆ ಹ್ಯಾಂಡಲ್ ಬೇಡ. "ಸೀರೆ ಸಿಕ್ಕಾಕ್ಕೊಳ್ಳತ್ತೆ ಕಣ್ರೀ. ಬೆರಳು ಹಾಕಿ ಎಳ್ಯೋ ಹಾಗೆ ಒಂದು ದುಂಡನೆ ತೂತು ಸಾಕು."

ಬಿಳಿ ಲ್ಯಾಮಿನೇಟಿನ ಬಾಗಿಲು. ಡ್ರಿಲ್ಲಿಗೆ ಬಳೆಯಂಥ ಗರಗಸದ ಬಿಟ್ ಸಿಕ್ಕಿಸಿದೆ, ನಡುವೆ ಚೂಪು ಮೊನೆ ಇರುವಂಥದ್ದು. ಗೋಡೆ ಕೊರೆದು ಕೊರೆದು ಆದ ಅಭ್ಯಾಸ, ಸ್ವಿಚ್ ಪೂರ್ತಿ ಒತ್ತಿ, ಅಲ್ಲೇ ನಿಲ್ಲುವ ಹಾಗೆ ಲಾಕ್ ಮಾಡಿದೆ. ಫುಲ್ ಸ್ಪೀಡ್! ಸುಟ್ಟ ವಾಸನೆ ಬಂತು. ತೂತಿನ ಅಂಚೆಲ್ಲ ಕಪ್ಪು. ಹಿಂಬದಿಯ ಬಿಳುಪು ಹಪ್ಪಳದ ಹಾಗೆ ಚೂರುಚೂರಾಗಿ ಎದ್ದಿತ್ತು.

ಕಣ್ಣಿಗೆ ಬಿದ್ದ ಪುಡಿ ಒರೆಸಿಕೊಳ್ಳಲು ಡ್ರಿಲ್ಲನ್ನು ಗಿರಿಜಾಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಮನೆಯೊಡತಿ ಬಂದರು.

"ಅಯ್ಯೋ! ಹೆಂಗಸರ ಕೈಗೆ ಮೆಷೀನ್ ಕೊಟ್ರೆ ಇನ್ನೇನಾಗತ್ತೆ? ನಾಳೆಯಿಂದ ಇವಳನ್ನ ಕರ್ಕೊಂಡು ಬರ್ಬೇಡಿ."

ಗಿರಿಜಾ ನನ್ನ ಮುಖ ನೋಡಿದಳು. ನಾನು ಕಣ್ಣು ಒರೆಸುತ್ತಲೇ ಇದ್ದೆ. (ಪುಡಿ ಆಗಲೇ ಹೋಗಿತ್ತು.)

ಅವರು ಒಳಗೆ ಹೋದ ಮೇಲೆ ಗಿರಿಜಾ ಅಂದಳು, "ಅಣ್ಣಾ, ಒಂದು ಚೂರು ಹಲಗೆ ಕೊಡು."

"ಯಾಕೆ?"

"ಕೆಡ್ಸಿದವಳು ನಾನೇ ತಾನೆ? ಎಂಗೆ ಕೆಡ್ಸೋದು ಅಂತ ಕಲ್ತುಬುಡ್ತೀನಿ."

ಡ್ರಿಲ್ಲಿನ ಲಾಕ್ ತೆಗೆದಳು. ಸ್ವಿಚ್ಚನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಒತ್ತಿದಳು. "ಬ್ಲೌಸಿನ ಕತ್ತು ತಿರುಗ್ಸೋವಾಗ ಯಾರಾದ್ರೂ ಮೆಷೀನ್ ಜೋರಾಗಿ ತುಳೀತಾರೇನಣ್ಣ? ನೆರಿಗೆ ಬಂದ್ಬುಡತ್ತೆ."

ಸಣ್ಣ ಬಿಟ್ಟಿಗೆ ಓಟ, ಅಗಲದ ಬಿಟ್ಟಿಗೆ ನಡಿಗೆ. ಇಷ್ಟೇ! ನಡುವಿನ ಮೊನೆ ಹಿಂಬದಿಗೆ ಇಣುಕಿದ ಕೂಡಲೇ ನಿಲ್ಲಿಸಿದಳು. ಹಲಗೆಯನ್ನು ಬ್ಲೌಸಿನ ಹಾಗೆ ತಿರುವಿಹಾಕಿ, ಆ ಕಡೆಯಿಂದ ಮುಗಿಸಿದಳು. ಕಪ್ಪಿಲ್ಲ, ಚೂರಿಲ್ಲ. ಅಂಚು ಕತ್ತರಿಸಿದ ಉಗುರಿನಷ್ಟು ನೀಟು.

ಉಳಿದ ಬಾಗಿಲುಗಳನ್ನೆಲ್ಲ ಅವಳೇ ಕೊರೆದಳು. ನಾನೇನು ಮಾಡಿದೆ? ಹಲಗೆ ಹಿಡಿದುಕೊಂಡೆ.

ಸಂಜೆ ಮನೆಯೊಡತಿ ಬಂದು ಒಂದೊಂದು ತೂತಿಗೂ ಬೆರಳು ಹಾಕಿ ಸುತ್ತ ಆಡಿಸಿದರು. ಎಲ್ಲೂ ತರಚಲಿಲ್ಲ.

"ನೋಡಿ, ಅಣ್ಣನ ಕೈ ಅಂದ್ರೆ ಅಣ್ಣನ ಕೈ!"

ಬೈಗುಳ ಅವಳಿಗೆ, ಶಹಭಾಸ್ ನನಗೆ. ಇದನ್ನೂ ನುಂಗಲೇ?

"ಇಲ್ಲಮ್ಮಾ. ಬೆಳಿಗ್ಗೆ ಕೆಡಿಸಿದ್ದು ನಾನು. ಬೇರೆ ಬಾಗಿಲು ಮಾಡ್ಕೊಡ್ತೀನಿ. ಇವೆಲ್ಲ ಇವಳ ಕೈ."

ಅವರು ಇನ್ನೊಮ್ಮೆ ಬೆರಳು ಆಡಿಸಿದರು. ಆಮೇಲೆ ಗಿರಿಜಾಳ ಕಡೆ ತಿರುಗಿದರು. "ಹಾಗಾದ್ರೆ ದೇವರಮನೆ ಕಪಾಟಿಗೂ ನೀನೇ ಬಾಮ್ಮ. ನಿಮ್ಮಣ್ಣ ಹಲಗೆ ಹಿಡ್ಕೊಳ್ಳಲಿ."

ಗೆದ್ದಳು ನನ್ನ ತಂಗಿ! ಹೆಮ್ಮೆಯಿಂದ ನಕ್ಕೆ. ಅವಳು ನಗಲಿಲ್ಲ.

"ಅವ್ರಿಗೆ ಹೇಳ್ದೆ ಸರಿ. ನಂಗೆ?"

ಬಾಯಿಯ ಲಾಕ್ ತೆಗೆದೆ. ನಿಧಾನ ಸ್ಪೀಡಿನಲ್ಲಿ, ಮನೆಯೆಲ್ಲ ಕೇಳುವ ಹಾಗೆ ಅಂದೆ: "ತಪ್ಪಾಯ್ತು ಕಣಮ್ಮ, ಗಿರಿಜಾ."