ಜ್ವರ ಇಳಿದ ಮಧ್ಯಾಹ್ನ ಕೇಳಿದ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನರ್ಸ್ ಆದವಳು ನಾಡಿಯನ್ನು ನಂಬಬೇಕು, ಬಿ.ಪಿ. ಯಂತ್ರವನ್ನು ನಂಬಬೇಕು, ಮಿಕ್ಕದ್ದೆಲ್ಲ ಕಟ್ಟುಕತೆ ಎಂದುಕೊಂಡಿದ್ದವಳು. ಈಗ ಇದನ್ನು ಬರೆಯುವಾಗಲೂ ನೀವು ನಂಬಲೇಬೇಕು ಅಂತೇನೂ ನಾನು ಕೇಳುವುದಿಲ್ಲ.

ಎಂಬತ್ತರ ದಶಕದ ನಡುಭಾಗ. ತುಮಕೂರಿನ ಕಡೆಯವಳಾದ ನಾನು ಮಾನ್ವಿಯ ಸಣ್ಣ ಆಸ್ಪತ್ರೆಯೊಂದಕ್ಕೆ ಸೇರಿ ಮೂರು ತಿಂಗಳಾಗಿತ್ತು. ಹೆಂಗಸರ ಕೋಣೆಯಲ್ಲಿ ಆಗ ಇಬ್ಬರೇ ರೋಗಿಗಳು. ಒಬ್ಬಳು ರಾಬಿಯಾ, ಸಿರವಾರದ ಬಟ್ಟೆ ವ್ಯಾಪಾರಿಗಳ ಮನೆಯ ಸೊಸೆ, ಇಪ್ಪತ್ತರ ಹುಡುಗಿ. ಐದು ದಿನದಿಂದ ಸುಡುವ ಜ್ವರ, ಕಣ್ಣುಗುಡ್ಡೆಯ ಹಿಂದೆ ನೋವು. ಇನ್ನೊಬ್ಬಳು ಬಾಗಲವಾಡದ ಮುದುಕಿ ನಿಂಗಮ್ಮ, ಕುರಿ ಕಾಯುವ ಮನೆಯವಳು. ಲಕ್ವ ಹೊಡೆದು ಎಂಟು ದಿನದಿಂದ ಮಾತು ನಿಂತುಹೋಗಿತ್ತು. ಮಗಳು ದುರುಗವ್ವ ಅವಳ ಮಂಚದ ಪಕ್ಕದಿಂದ ಹೆಚ್ಚಾಗಿ ಏಳುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ರಾಬಿಯಾಳ ಜ್ವರ ಇಳಿಯಿತು. ಮನೆಗೆ ಕಳಿಸಬಹುದೆಂದು ಹೇಳಿ ಡಾಕ್ಟರು ದೇವದುರ್ಗಕ್ಕೆ ಹೊರಟುಹೋದರು. ಮಧ್ಯಾಹ್ನದ ಬಸ್ಸಿಗೆ ಹೋಗಲು ಅವಳ ಅತ್ತೆ ಗಂಟು ಕಟ್ಟಿಟ್ಟು ಕೂತಿದ್ದರು. ನಾನು ಕಿಟಕಿಯ ಮೇಜಿನ ಹತ್ತಿರ, ಎಲ್ಲರಿಗೂ ಬೆನ್ನು ಹಾಕಿ, ಮಾತ್ರೆಗಳನ್ನು ಪೊಟ್ಟಣ ಕಟ್ಟುತ್ತಿದ್ದೆ.

ಆಗ ನಿಂಗಮ್ಮನ ಮಂಚದ ಕಡೆಯಿಂದ ಮಾತು ಕೇಳಿಸಿತು.

"ಆಕಿನ್ನ ಕಳಸಬ್ಯಾಡ. ಒಳಗ ಸೋರಾಕತ್ತಾಳ."

ತಿರುಗಿ ನೋಡಿದೆ. ಮುದುಕಿ ಎಂದಿನಂತೆ ಸೂರು ನೋಡುತ್ತ ಮಲಗಿದ್ದಳು. ಮಾತು ನಿಂತವಳು ಮಾತಾಡಿದಳೇ ಎಂದು ಯೋಚಿಸಲೂ ನಿಲ್ಲದೆ ನೇರ ಹೋಗಿ ರಾಬಿಯಾಳ ಕೈ ಹಿಡಿದೆ. ಅಂಥ ಸೆಕೆಯಲ್ಲೂ ಕೈ ತಣ್ಣಗೆ, ಬೆವರಿ ಒದ್ದೆಯಾಗಿತ್ತು. ನಾಡಿ ನೂಲಿನ ಎಳೆಯಷ್ಟೇ ಸಿಕ್ಕಿತು. ಬಿ.ಪಿ.ಯ ಮೇಲಿನ ಅಂಕಿಯೂ ಕೆಳಗಿನ ಅಂಕಿಯೂ ಹತ್ತಿರ ಹತ್ತಿರ ಬಂದಿದ್ದವು; ಅದು ಒಳ್ಳೆಯ ಲಕ್ಷಣವಲ್ಲ.

"ಹೊಟ್ಟಿ ಬಿಗದಂಗ ಆಗ್ಯಾದ್ರಿ" ಅಂದಳು ರಾಬಿಯಾ ಮೆಲ್ಲಗೆ.

ಕೇಳಲು ಡಾಕ್ಟರಿಲ್ಲ. ಅವರ ಅಪ್ಪಣೆಯಿಲ್ಲದೆ ಸಲೈನ್ ಏರಿಸುವುದೆಂದರೆ ಕೆಲಸ ಕಳೆದುಕೊಳ್ಳುವ ಮಾತು. ಅತ್ತೆಯೂ ಅಡ್ಡ ಬಂದರು. "ಜ್ವರ ಹೋಗ್ಯಾದಲ್ರೀ, ಮತ್ಯಾಕ ಸೂಜಿ?"  ಅವರನ್ನು ಪಕ್ಕಕ್ಕೆ ಸರಿಸಿ ಸೂಜಿ ಚುಚ್ಚಿದೆ.

ಸಂಜೆ ಡಾಕ್ಟರು ಬಂದು ರಕ್ತ ಪರೀಕ್ಷೆ ಮಾಡಿಸಿದರು. ನೀರಿನಂಶ ಇಳಿದು ರಕ್ತ ಮಂದವಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು. "ಬಸ್ಸಿನ್ಯಾಗ ಹೋಗಿದ್ರ ದಾರ್ಯಾಗನ ಹೋಗತಿದ್ಳು" ಎಂದರು. ನನ್ನನ್ನು ಬೈಯಲಿಲ್ಲ. ಮೂರನೆಯ ದಿನ ರಾಬಿಯಾ ಎದ್ದು ಕೂತು ಗಂಜಿ ಕೇಳಿದಳು.

ಅದು ಡೆಂಗ್ಯೂ ಇದ್ದಿರಬೇಕೆಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಜ್ವರ ಇಳಿಯುವ ಹೊತ್ತಿನಲ್ಲೇ ಕೆಲವರ ಸಣ್ಣ ರಕ್ತನಾಳಗಳು ಸಡಿಲಗೊಂಡು, ರಕ್ತದ ನೀರಿನ ಭಾಗ ಹೊಟ್ಟೆಗೂ ಎದೆಗೂ ಜಿನುಗುತ್ತದಂತೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆ ದಿನ ಅದು ನನಗೆ ತಿಳಿದಿರಲಿಲ್ಲ. ಕುರಿ ಕಾಯುವ ಮುದುಕಿಗೆ ತಿಳಿದಿರುವುದು ಹೇಗೆ?

ಮನೆಗೆ ಹೊರಡುವ ದಿನ ರಾಬಿಯಾಳ ಅತ್ತೆ ನನ್ನ ಕೈ ಹಿಡಿದು, "ಆವತ್ತು ನೀವು ಹೇಳಿದ್ದಕ್ಕ ಹುಡುಗಿ ಉಳಿದ್ಳು" ಅಂದರು. ಹೇಳಿದ್ದು ನಾನಲ್ಲ, ನಿಂಗಮ್ಮ ಎಂದೆ. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಮುದುಕಿ ಎಲ್ಲಿ ಮಾತಾಡ್ಯಾಳ್ರೀ? ಕಿಟಕಿ ಹತ್ರ ನಿಂತು ನೀವೇ ಅಂದ್ರಿ, ನಮ್ಮ ಮಾತಿನ್ಯಾಗ. 'ನಕ್ಕೋ ಲೇಜಾವ್, ಅಂದರ್ ರಿಸ್ರಯ್' ಅಂತ."

ಅದರ ಅರ್ಥವನ್ನು ಅವರೇ ಹೇಳಬೇಕಾಯಿತು. ಒಯ್ಯಬೇಡಿ, ಒಳಗೆ ಜಿನುಗುತ್ತಿದೆ. ನನಗೆ ಆಗ ಅವರ ದಖನಿ ಉರ್ದುವಿನ ಒಂದು ಅಕ್ಷರವೂ ಬರುತ್ತಿರಲಿಲ್ಲ.

ಆವತ್ತು ಅವ್ವ ಮಾತಾಡಿದ್ದು ನಿನಗೂ ಕೇಳಿಸಿತೇ ಎಂದು ದುರುಗವ್ವನನ್ನು ಕೇಳಿದೆ. ಆ ಹೊತ್ತು ಅವಳು ನೀರು ತರಲು ಹೊರಗೆ ಹೋಗಿದ್ದಳಂತೆ. ನನ್ನ ಮಾತು ಕೇಳಿ ಅವಳ ಮುಖ ಬದಲಾಯಿತು. ಅವ್ವನ ಬಾಯಂಚನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಒಂದು ಮಾತಿಗಿ ಕಾಯಾಕತ್ತೀನ್ರಿ ನಾನು" ಅಂದಳು. "ನಮ್ಮವ್ವನ ದನಿ ಹೆಂಗಿತ್ರಿ ಯಕ್ಕಾ? ಮೊದಲಿನಂಗ ಇತ್ತೇನು?"

ಹೇಳಲು ಬಾಯಿ ತೆರೆದೆ. ಮಾತು ಅಕ್ಷರ ಅಕ್ಷರವೂ ನೆನಪಿತ್ತು. ದನಿ ಮಾತ್ರ, ಎಷ್ಟು ಯೋಚಿಸಿದರೂ, ಹೆಂಗಸಿನದೋ ಗಂಡಸಿನದೋ ಎಂಬುದೂ ನೆನಪಾಗಲಿಲ್ಲ. ಇವತ್ತಿಗೂ ಆಗಿಲ್ಲ.